ಸಂಚಿಯೊಳಗಿನ ಅರ್ಧ ಸ್ಟ್ರಿಪ್

ಆ ಹೊಗೆಸೊಪ್ಪಿನ ವಾಸನೆ ಇನ್ನೂ ಹೋಗಿಲ್ಲ. ಇವತ್ತು ಬೆಳಿಗ್ಗೆ ಗೋಡೆಯ ಮೊಳೆಯಿಂದ ಹಳೇ ಎಲೆಅಡಿಕೆ ಸಂಚಿಯನ್ನು ಇಳಿಸಿ ಕೈ ಹಾಕಿದರೆ, ಸಿಕ್ಕಿದ್ದು ಅರ್ಧ ಸ್ಟ್ರಿಪ್ ಮಾತ್ರೆ. ಸೊಸೆ ಇಟ್ಟಿದ್ದಳು. ಅವಳ ಉರಿಮೂತ್ರಕ್ಕೆ ಡಾಕ್ಟರು ಕೊಟ್ಟದ್ದು. ನಿನ್ನೆ ಉರಿ ನಿಂತಿತೆಂದು ಉಳಿದದ್ದನ್ನು ಎತ್ತಿಟ್ಟಿದ್ದಾಳೆ. ನನಗೆ ಸಿಟ್ಟು ನೆತ್ತಿಗೇರಿತು.

ಆ ಸಂಚಿ ಕೂಲಿಯವರ ಸಾಲಿನಲ್ಲಿ ನಮ್ಮ ಪಕ್ಕದ ಲೈನ್ ಮನೆಯಲ್ಲಿದ್ದ ದೊಡ್ಡಮ್ಮನದು. ಮೂಡಿಗೆರೆ ಕಡೆಯ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ಯುತ್ತಿದ್ದ ನಮಗೆಲ್ಲ ಅವಳೇ ಹಿರಿಯಳು, ಅವಳ ಸಂಚಿಯೇ ಆಸ್ಪತ್ರೆ. ತೋಟದಲ್ಲಿ ಹೆಂಗಸರಿಗೆ ಹೋಗಲು ಒಂದು ಮರೆ ಇರಲಿಲ್ಲ. ಗಿಡದ ಸಾಲಿನ ಆಚೆ ಗಂಡಸರು, ಈಚೆ ಮೇಸ್ತ್ರಿ. ಹಾಗಾಗಿ ಸಂಜೆ ಕೊಯ್ದ ಹಣ್ಣಿನ ತೂಕ ಮುಗಿಯುವವರೆಗೆ ನಾವು ನೀರೇ ಕುಡಿಯುತ್ತಿರಲಿಲ್ಲ. ಉರಿಮೂತ್ರ ಬರದೆ ಇನ್ನೇನು ಬರುತ್ತದೆ? ಯಾರಾದರೂ ಕಿಬ್ಬೊಟ್ಟೆ ಹಿಡಿದುಕೊಂಡರೆ ದೊಡ್ಡಮ್ಮ ಸಂಚಿ ಬಿಚ್ಚಿ, ಯಾರೋ ತಿಂದು ಉಳಿಸಿದ ಮಾತ್ರೆ ತೆಗೆಯುತ್ತಿದ್ದಳು.

"ಒಂದೆರ್ಡು ನುಂಗು ಮಾರಾಯ್ತಿ. ಉರಿ ನಿಂತ್ರೆ ಬಿಟ್ಬಿಡು, ಉಳಿದಿದ್ದು ಇನ್ನೊಬ್ಳಿಗೆ ಆಗ್ತದೆ."

ಎಷ್ಟು ಪ್ರೀತಿಯಿಂದ ಕೊಡುತ್ತಿದ್ದಳು...

ಒಂದು ಕೊಯ್ಲಿನಲ್ಲಿ ಅವಳಿಗೇ ಬಂತು. ಸಂಚಿಯ ಮಾತ್ರೆ ನಾಟಲಿಲ್ಲ. ಚಳಿಜ್ವರದಲ್ಲಿ ಗಡಗಡ ನಡುಗತೊಡಗಿದಾಗ ಪೇಟೆ ಆಸ್ಪತ್ರೆಗೆ ಒಯ್ದೆವು. ಮೂತ್ರ ಪರೀಕ್ಷೆ ಮಾಡಿಸಿದ ಡಾಕ್ಟರಮ್ಮ, ಎಲ್ಲರೂ ಅರ್ಧಂಬರ್ಧ ಔಷಧಿ ತಿಂದು ತಿಂದು ರೋಗಾಣುಗಳು ಈ ಮಾತ್ರೆಗೆ ಬಗ್ಗದಂತಾಗಿವೆ ಎಂದರು. ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಚುಚ್ಚಿಸಿಕೊಂಡು ದೊಡ್ಡಮ್ಮ ಎದ್ದು ಬಂದಳು.

ಬಂದವಳು ಸುಮ್ಮನಿದ್ದಳೇ? ಸಂಜೆ ತೂಕದ ಹೊತ್ತಿಗೆ ಎಲ್ಲರೆದುರು ಸಾಹುಕಾರರ ಮುಂದೆ ನಿಂತಳು. "ನಮ್ಗೆ ಕಕ್ಕಸು ಕಟ್ಸಿ ಕೊಡಿ ಸಾಹುಕಾರ್ರೇ. ಅಲ್ಲೀತನಕ ನಾವ್ಯಾರೂ ಬುಟ್ಟಿ ಮುಟ್ಟಲ್ಲ."

ಮೇಸ್ತ್ರಿ ಕಿಸಕ್ಕನೆ ನಕ್ಕ. ಮರುದಿನ ನಾವೆಲ್ಲ ಕೊಡದಲ್ಲಿ ನೀರು ತುಂಬಿಕೊಂಡು ಹೋಗಿ ತೋಟದ ಗೇಟಿನಲ್ಲೇ ಕೂತೆವು. ಅವನ ಕಣ್ಣೆದುರೇ ಲೋಟಗಟ್ಟಲೆ ಕುಡಿದೆವು! ಅತ್ತ ಗಿಡದಲ್ಲಿ ಹಣ್ಣು ಉದುರತೊಡಗಿತು. ಸಾಹುಕಾರರು ಬಗ್ಗಿದರು, ತಗಡಿನ ಕಕ್ಕಸು ಎದ್ದಿತು. ಇವತ್ತಿಗೂ ಅದು ಅಲ್ಲೇ ಇದೆ.

ಅವಳಿಗೆ ಮಾತ್ರ ತಡವಾಗಿತ್ತು. ಮುಂದಿನ ಮಳೆಗಾಲದಲ್ಲಿ ಅದೇ ಕಾಯಿಲೆ ಮರುಕಳಿಸಿತು. ಈ ಸಲ ಇಂಜೆಕ್ಷನ್ನೂ ನಾಟಲಿಲ್ಲ, ಸೋಂಕು ರಕ್ತಕ್ಕೇರಿತು... ಹೋಗುವ ಮುಂಚೆ ಸಂಚಿಯನ್ನು ನನ್ನ ಕೈಗಿಟ್ಟು, "ಇದ್ರಲ್ಲಿ ಇನ್ನು ಎಲೆಅಡಿಕೆ ಬಿಟ್ಟು ಬೇರೇನೂ ಇಡ್ಬೇಡ" ಎಂದಿದ್ದಳು.

ಸೊಸೆಯನ್ನು ಕರೆದೆ.

"ಯಾರಿಗಾದ್ರೂ ಬೇಕಾಗ್ತದಲ್ಲ ಅತ್ತೆ" ಎಂದಳು.

"ಯಾರಿಗೂ ಬೇಡ. ಡಾಕ್ಟ್ರು ಹೇಳ್ದಷ್ಟೂ ನೀನೇ ನುಂಗು!"

ಚೊಂಬು ನೀರು ಕೈಗಿಟ್ಟು, ಅವಳು ನುಂಗುವವರೆಗೂ ಬಾಗಿಲಿಗೆ ಅಡ್ಡ ನಿಂತೆ. ಮುಖ ಊದಿಸಿಕೊಂಡಳು. ಊದಿಸಿಕೊಳ್ಳಲಿ. ಸ್ಟ್ರಿಪ್ ಖಾಲಿಯಾಗುವವರೆಗೆ ದಿನಾ ಹೀಗೇ ನಿಲ್ಲುತ್ತೇನೆ. ದೊಡ್ಡಮ್ಮನಿಗೆ ಹೀಗೆ ಅಡ್ಡ ನಿಲ್ಲಲು ಯಾರೂ ಇರಲಿಲ್ಲ.