ಗಣಪತಿಯ ಕಣ್ಣು, ನನ್ನ ಪ್ರಣಾಳಿಕೆ

ಈ ಮಾತು ಹೇಳುವುದನ್ನು ಮುಂದೂಡುತ್ತಲೇ ಬಂದೆ. ಅಪ್ಪ ಇದ್ದಾಗ ಅಪ್ಪನ ಹೆದರಿಕೆ, ಅಣ್ಣ ಇದ್ದಾಗ ಅಣ್ಣನ ಮುಲಾಜು. ಈಗ ಇಬ್ಬರೂ ಇಲ್ಲ, ನೆಪವೂ ಇಲ್ಲ. ಆದರೂ ಚಿತ್ರಕಲೆಯ ತರಗತಿಯಲ್ಲಿ ಕೊಟ್ಟ ಒಂದು ಕೆಲಸಕ್ಕೆ ಸಿಕ್ಕಿಬೀಳದಿದ್ದರೆ ಬಾಯಿ ಬಿಡುತ್ತಿರಲಿಲ್ಲವೇನೋ.

ಅಂಗಡಿ ಬೋರ್ಡು ಬರೆದು ಹೊಟ್ಟೆ ಹೊರೆದವನು ನಾನು. ಬ್ಯಾನರು ಬಂದು ಆ ಕೆಲಸ ಹೋಯಿತು. ಎಸ್ಸೆಸ್ಸೆಲ್ಸಿಯ ಆಚೆ ಕಲಿಯಲಿಲ್ಲವೆಂಬ ಕೊರಗು ಉಳಿದಿತ್ತು. ಹಾಗಾಗಿ ಈ ವಯಸ್ಸಿನಲ್ಲಿ ಭಾನುವಾರ ಅಂಕೋಲೆಯಿಂದ ಬಸ್ಸು ಹತ್ತಿ ಕಾರವಾರದ ತರಗತಿಗೆ ಹೋಗತೊಡಗಿದೆ. ಕಲಿಸುವವಳು ನನ್ನ ಮಗಳಿಗಿಂತ ಚಿಕ್ಕವಳು. ಕೊನೆಗೆ ಪ್ರದರ್ಶನವಿದೆ, ಪ್ರತಿಯೊಬ್ಬರೂ ತಮ್ಮ ಚಿತ್ರದ ಪಕ್ಕ ಒಂದು ಪುಟದ ಪ್ರಣಾಳಿಕೆ ಅಂಟಿಸಬೇಕು ಎಂದಳು. ಯಾಕೆ ಚಿತ್ರ ಬರೆಯುತ್ತೇನೆ, ಏನನ್ನು ಬರೆಯುವುದಿಲ್ಲ ಎಂದು ಹೇಳಬೇಕಂತೆ. ಪ್ರಣಾಳಿಕೆ ಎಂದರೆ ನನಗೆ ಚುನಾವಣೆಯದು ಮಾತ್ರ ಗೊತ್ತು. ಪಕ್ಕದಲ್ಲಿ ಕೂರುವ ಕಾಲೇಜು ಹುಡುಗಿ ನಕ್ಕಳು. "ಕಾಕಾ, ಗೆದ್ರೆ ಪುಕ್ಕಟೆ ಎಂತೆಂತ ಕೊಡ್ತ್ರಿ, ಅದನ್ನೂ ಬರೀರಿ."

ಕಡಲೇ ನನ್ನ ಗುರು ಎಂದು ಬರೆದೆ. ದೋಣಿ ಹತ್ತಿದಾಗೆಲ್ಲ ವಾಂತಿ ಮಾಡಿಕೊಂಡವನು ನಾನು, ಹರಿದು ಹಾಕಿದೆ. ಸೌಂದರ್ಯದ ಬಗ್ಗೆ ಬರೆದದ್ದು ಮದುವೆ ಕಾಗದದ ಹಾಗಿತ್ತು, ಅದನ್ನೂ ಹರಿದೆ. ಕಡೆಗೆ 'ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ' ಎಂದು ಬರೆದುಕೊಟ್ಟೆ. ಕಲಿಸುವವಳು ಓದಿ, ನನ್ನ ಚಿತ್ರಗಳನ್ನು ಒಂದೊಂದಾಗಿ ಮಗುಚಿದಳು. ಬೇಲೆಕೇರಿಯ ದಡದಲ್ಲಿ ಬಲೆ ಎಳೆಯುವವರು, ಸಂತೆಯ ಹೆಂಗಸರು, ಬಸ್ಸಿಗೆ ಕಾದವರು.

"ಕಾಕಾ, ಎಲ್ಲರೂ ಬೆನ್ನು ಹಾಕಿಯೇ ನಿಂತಿದ್ದಾರಲ್ಲ. ಅದ್ಯಾಕೆ ಅಂತ ಬರೀರಿ. ಅದೇ ನಿಮ್ಮ ಪ್ರಣಾಳಿಕೆ."

ಬಲೆ ಎಳೆಯುವವರು ಕಡಲಿಗಲ್ಲದೆ ನಿನಗೆ ಮುಖ ಮಾಡುತ್ತಾರೆಯೇ ಎಂದು ರೇಗಿದೆ. ಬಸ್ ಸ್ಟ್ಯಾಂಡಿನವರೆಗೂ ಮನಸ್ಸಿನಲ್ಲೇ ಅವಳನ್ನು ಬೈದೆ. ಅವಳು ಹೇಳಿದ್ದು ಸರಿಯಾಗಿತ್ತು, ಅದಕ್ಕೇ ಅಷ್ಟು ಸಿಟ್ಟು.

ನಮ್ಮ ಮನೆಯಲ್ಲಿ ಚೌತಿಗೆ ಮಣ್ಣಿನ ಗಣಪತಿ ಮೂರ್ತಿ ಮಾಡುತ್ತಿದ್ದರು. ಊರಿನ ಮನೆಗಳವರು ತಮ್ಮ ತಮ್ಮ ಮಣೆಯನ್ನು ಮೊದಲೇ ತಂದುಕೊಡುವರು; ಆ ಮಣೆಯ ಮೇಲೆಯೇ ಅವರ ಗಣಪತಿ ಏಳಬೇಕು. ಕಣ್ಣು ಬರೆಯುವುದು ಕೊನೆಗೆ, ಅದು ಅಪ್ಪನ ಕೆಲಸ. ಅಪ್ಪನ ಕೈ ನಡುಗತೊಡಗಿದಾಗ ಕುಂಚ ನನ್ನ ಕೈಗೆ ಬಂತು. ನನಗೆ ಬರಲಿಲ್ಲ. ಮಧ್ಯಾಹ್ನ ಎಲ್ಲರೂ ಮಲಗಿದ ಮೇಲೆ ಅಣ್ಣನ ಹೆಂಡತಿ ಬಂದು ಬರೆದುಕೊಡುತ್ತಿದ್ದಳು. ಹೆಂಗಸರು ಕಣ್ಣು ಬರೆಯುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಹೊಗಳಿಕೆಯೆಲ್ಲ ನನಗೆ ಬರುತ್ತಿತ್ತು. ಇಟ್ಟುಕೊಂಡೆ.

ಒಂದು ವರ್ಷ, ನನಗೂ ಬರುತ್ತದೆಂದು ತೋರಿಸುವ ಹಟಕ್ಕೆ, ಒಂದು ದೊಡ್ಡ ಮೂರ್ತಿಗೆ ನಾನೇ ಕಣ್ಣು ಬರೆದೆ. ಮಣೆಯವರು ಬಟ್ಟೆ ಮುಚ್ಚಿ ಹೊತ್ತೊಯ್ದರು. ತಮ್ಮ ಮನೆಯಲ್ಲಿ ಬಟ್ಟೆ ತೆಗೆದರೆ ಒಂದು ಕಣ್ಣು ಸೊಂಡಿಲು ನೋಡುತ್ತಿತ್ತು, ಇನ್ನೊಂದು ಬಾಗಿಲು. ಹೊಸಿಲು ದಾಟಿ ಒಳಬಂದ ಗಣಪತಿಯನ್ನು ಹಿಂದಕ್ಕೆ ಕಳಿಸುವಂತಿಲ್ಲ. ಅದನ್ನೇ ಪೂಜಿಸಿದರು. ಚೌತಿ ಮುಗಿದ ಮೇಲೆ ಆ ಮನೆಯ ಯಜಮಾನ ಬಂದು, ಮುಂದಿನ ವರ್ಷ ನಮ್ಮ ಮಣೆ ಬೇರೆ ಕಡೆ ಎಂದು ಜಗಲಿಯಲ್ಲಿ ನಿಂತೇ ಹೇಳಿ ಹೋದ. ಅಪ್ಪ ನನ್ನನ್ನು ಕರೆದು, ಇದು ಇಷ್ಟು ವರ್ಷ ಬರೆದ ಕೈಯಲ್ಲ, ಇದನ್ನು ಬರೆದವರು ಯಾರೆಂದು ಕೇಳಿದ.

"ಅತ್ತಿಗೆ," ಎಂದೆ.

ಅವಳು ಅಡುಗೆಮನೆಯ ಬಾಗಿಲಲ್ಲೇ ಇದ್ದಳು. ಅಲ್ಲ ಎನ್ನಲಿಲ್ಲ. ಇನ್ನು ಕುಂಚ ಮುಟ್ಟಿದರೆ ಜಾಗ್ರತೆ ಎಂದು ಅಪ್ಪ ಗದರಿದ. ಅವಳು ಮತ್ತೆ ಮುಟ್ಟಲಿಲ್ಲ. ಎರಡು ದಿನ ಬಿಟ್ಟು ಬಾವಿಕಟ್ಟೆಯ ಹತ್ತಿರ ನನಗೆ ಹೇಳಿದ್ದು ಒಂದೇ ಮಾತು: "ಕಣ್ಣು ಬರೆವಾಗ ಉಸ್ರು ಹಿಡೀಬೇಕು ತಮಾ. ನೀ ಉಸ್ರು ಬಿಟ್ಕಂತ ಬರ್ದಿದ್ದೆ."

ಮರುವರ್ಷ ನಾನು ಬರೆದ ಕಣ್ಣುಗಳೆಲ್ಲ ಕೆಟ್ಟವು, ಮಣೆಗಳು ಕಡಿಮೆಯಾದವು, ಕಡೆಗೆ ಕೆಲಸವೇ ನಿಂತಿತು. ಅಂದಿನಿಂದ ನಾನು ಮುಖ ಬರೆದಿಲ್ಲ.

ಈಗ ಅವಳು ಅವರ್ಸಾದಲ್ಲಿ ಮಗಳ ಮನೆಯಲ್ಲಿದ್ದಾಳೆ. ಕಾರವಾರದ ಬಸ್ಸು ಅಲ್ಲಿ ನಿಂತೇ ಹೋಗುತ್ತದೆ. ಹೋದ ಭಾನುವಾರ ಕಂಡಕ್ಟರ್ "ಅವರ್ಸಾ ಯಾರ್ರೀ?" ಎಂದಾಗ ಎದ್ದು ನಿಂತೆ. ಬಾಗಿಲವರೆಗೂ ಹೋದೆ. "ಇಳಿತ್ರೋ, ಇಲ್ವೋ?" ಎಂದು ಅವನು ಕೇಳಿದ. ಟಿಕೆಟು ಕಾರವಾರಕ್ಕಿದೆ ಎಂದು ಹೇಳಿ ಬಂದು ಕೂತೆ. ಎಂಥ ಉತ್ತರ! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕೆನಿಸಿತು.

ಅದೇ ಸಿಟ್ಟಿನಲ್ಲಿ ತರಗತಿಯಲ್ಲಿ ಕೂತು ಪುಟ ಬರೆದುಕೊಟ್ಟೆ. "ಇಷ್ಟೇನಾ ಕಾಕಾ? ಇದು ಸಾಲದಲ್ಲ," ಎಂದಳು ಕಲಿಸುವವಳು. ಸಾಲದು, ನನಗೂ ಗೊತ್ತು. ಅವರ್ಸಾದಲ್ಲಿ ಇಳಿದು ಹೇಳಬೇಕಾದದ್ದನ್ನು ಕಾರವಾರದ ಗೋಡೆಗೆ ಅಂಟಿಸಿದರೆ ಹೇಗೆ ಸಾಲುತ್ತದೆ? ಆದರೂ ಅಂಟಿಸಿ ಎಂದೆ. ಅದರಲ್ಲಿರುವುದು ಇಷ್ಟು:

ನನಗೆ ಕಣ್ಣು ಬರೆಯಲು ಬರುವುದಿಲ್ಲ. ಆ ವರ್ಷದ ಸೊಟ್ಟ ಕಣ್ಣು ನನ್ನದು. ನಮ್ಮ ಮನೆಯಿಂದ ಹೋದ ಒಳ್ಳೆಯ ಕಣ್ಣುಗಳನ್ನು ಬರೆದವಳು, ಯಾರಿಗೆ ತಪ್ಪಾಯಿತೆಂದು ನಾನು ಇಂದಿಗೂ ಹೇಳಿಲ್ಲವೋ ಅವಳು, ನನ್ನ ಅತ್ತಿಗೆ.