ದ್ವೀಪದಲ್ಲೊಂದು ಸೀಟು

ನನ್ನ ಹೆಸರಿಗೆ ಮೊದಲ ಸಲ ‘ಡಾ.’ ಸೇರಿಸಿದ್ದು ಒಬ್ಬ ಏಜೆಂಟನ ಮಾರ್ಕರ್ ಪೆನ್ನು. ಪುಣೆ ಸ್ಟೇಶನ್ನಿನ ಹತ್ತಿರದ ಹೋಟೆಲೊಂದರ ಮಹಡಿಯ ಹಾಲಿನಲ್ಲಿ, ಭಾನುವಾರ ಬೆಳಿಗ್ಗೆ, ಒಳಗೆ ಹೋಗುವ ಪ್ರತಿ ಹುಡುಗ ಹುಡುಗಿಯ ಎದೆಗೂ ಹೆಸರು ಬರೆದ ಸ್ಟಿಕರ್ ಅಂಟಿಸುತ್ತಿದ್ದರು. ಎಲ್ಲರೂ ಡಾಕ್ಟರುಗಳೇ. ಕೆರಿಬಿಯನ್ ಸಮುದ್ರದ ಒಂದು ದ್ವೀಪದಲ್ಲಿರುವ ಮೆಡಿಕಲ್ ಕಾಲೇಜಿಗೆ ಹುಡುಗರನ್ನು ಕಳಿಸುವ ಏಜೆಂಟ್ ಕರೆದ ಸಭೆ ಅದು. ಅಲ್ಲಿ ಬಂದವರೆಲ್ಲ ನೀಟ್ ಪರೀಕ್ಷೆ ಪಾಸಾಗಿಯೂ ಇಲ್ಲಿ ಸೀಟು ಸಿಗದವರು. ಆಸೆ ಬಿಡಲು ಹೆಚ್ಚೆನಿಸುವಷ್ಟು, ಆಸೆ ಈಡೇರಲು ಸಾಲದಷ್ಟು ಅಂಕ ತೆಗೆದವರು. ನಾನು ಎರಡು ಸಲ ಹಾಗೆ ತೆಗೆದಿದ್ದೆ. ಈ ನಡುವೆ ಮೈಕ್ರೊಬಯಾಲಜಿಯಲ್ಲಿ ಬಿ.ಎಸ್ಸಿ. ಮುಗಿಸಿದ್ದೆ. ನಮ್ಮ ಬಳಗದಲ್ಲಿ ಅದನ್ನು ಯಾರೂ ಓದು ಎಂದು ಭಾವಿಸಿರಲಿಲ್ಲ.

ಅಪ್ಪ ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ಕ್ಲಾರ್ಕ್. ಅಜ್ಜನ ಕಾಲದಲ್ಲಿ ಜಮಖಂಡಿ ಕಡೆಯಿಂದ ಬಂದು ನಿಗಡಿಯಲ್ಲಿ ನಿಂತ ಮನೆತನ ನಮ್ಮದು. ಮದುವೆಗಳಿಗೆ ಮಾತ್ರ ಹಾಕುವ ಅಂಗಿಯನ್ನು ಹಾಕಿಕೊಂಡು ಅಪ್ಪ ಆ ಹಾಲಿನ ಮೊದಲ ಸಾಲಿನಲ್ಲಿ ಕುಳಿತರು. ಪರದೆಯ ಮೇಲೆ ಸಮುದ್ರ ಬಂತು. ಮತ್ತೆ ಸಮುದ್ರ ಬಂತು. ತೆಂಗಿನ ಮರದ ಕೆಳಗೆ ಸ್ಟೆತಾಸ್ಕೋಪು ಹಾಕಿಕೊಂಡು ನಗುವ ಹುಡುಗಿ ಬಂದಳು. ಆಸ್ಪತ್ರೆ ಯಾವಾಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಅದು ಕೊನೆಯಲ್ಲಿ ಬಂತು, ದೂರದಿಂದ ತೆಗೆದ ಚಿತ್ರ, ಎದುರಿಗೆ ಒಂದು ದೋಣಿ.

ಪ್ರಶ್ನೆಗಳಿದ್ದರೆ ಕೇಳಿ ಎಂದರು. ಸಮುದ್ರದಲ್ಲಿ ಈಜಲು ಬಿಡುತ್ತಾರೆಯೇ ಎಂದು ಒಬ್ಬ ಕೇಳಿದ. ಅಲ್ಲಿ ಪನೀರ್ ಸಿಗುತ್ತದೆಯೇ ಎಂದು ಒಬ್ಬ ತಾಯಿ ಕೇಳಿದಳು. ನಾನು ಎದ್ದು ನಿಂತೆ. ನನ್ನದು ಒಂದೇ ಪ್ರಶ್ನೆ. ಓದಿದ ದೇಶದಲ್ಲೇ ವೈದ್ಯಳಾಗಿ ಕೆಲಸ ಮಾಡುವ ಪರವಾನಗಿ ಸಿಗದಿದ್ದರೆ, ಭಾರತಕ್ಕೆ ಮರಳಿದ ಮೇಲೆ ಇಲ್ಲಿಯ ಪರವಾನಗಿಯೂ ಸಿಗುವುದಿಲ್ಲ ಎಂಬ ನಿಯಮವಿದೆ. ಆ ದ್ವೀಪದಲ್ಲಿ ನಮಗೆ ಪರವಾನಗಿ ಕೊಡುತ್ತಾರೆಯೇ?

ಏಜೆಂಟ್ ನಕ್ಕ. ಕೋಟಿನ ಗುಂಡಿ ಬಿಚ್ಚಿ, “ಬೇಟಾ, ಇತ್ಕಾ ವಿಚಾರ ಕರ್‌ಶೀಲ ತರ್ ಪೇಶಂಟ್ ಕಧೀ ಬಘ್‌ಶೀಲ?” ಎಂದ. ಇಷ್ಟು ವಿಚಾರ ಮಾಡುತ್ತ ಕೂತರೆ ರೋಗಿಯನ್ನು ಯಾವಾಗ ನೋಡುತ್ತೀ ಎಂಬ ಮಾತಿಗೆ ಹಾಲಿಗೆ ಹಾಲೇ ನಕ್ಕಿತು. ಅಪ್ಪನೂ ನಕ್ಕರು. ನಾನು ಕುಳಿತೆ.

ಬಸ್ಸಿನಲ್ಲಿ ಅಪ್ಪ ಕೇಳಿದರು: “ಎಲ್ಲಾರ ಮುಂದ ಅದನ್ನ ಕೇಳೂದು ಇತ್ತೇನು?”

“ಕೇಳ್ರಿ ಅಂದ್ರಲ್ಲಪ್ಪಾ.”

“ಕೇಳ್ರಿ ಅಂತ ಎಲ್ಲಾರೂ ಅಂತಾರ.”

ಏಜೆಂಟನ ಮೇಲೆ ಇಷ್ಟೆಲ್ಲ ತಿರಸ್ಕಾರವಿದ್ದರೂ ನನಗೆ ಹೋಗಬೇಕಿತ್ತು. ಇದನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಹನ್ನೆರಡು ವರ್ಷದವಳಿದ್ದಾಗಿನಿಂದ ನನಗೆ ಬೇರೆ ಏನೂ ಆಗಬೇಕೆನಿಸಿರಲಿಲ್ಲ. ಆ ಏಜೆಂಟನ ಮೂಲಕ ಹೋಗಬೇಕಾದರೆ ಹಾಗೇ ಹೋಗುವುದು, ಕಣ್ಣು ಮುಚ್ಚಿಕೊಂಡು ಕಹಿ ಔಷಧ ಕುಡಿದಂತೆ, ಎಂದುಕೊಂಡಿದ್ದೆ. ಹಣ ಎಲ್ಲಿಂದ ಬರುತ್ತದೆ ಎಂದು ಅಪ್ಪ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಅರ್ಜಿಯ ಜೊತೆ, ವೈದ್ಯಳಾಗಬೇಕೆಂದು ಏಕೆ ಅನಿಸಿತು ಎಂದು ಒಂದು ಪುಟ ಬರೆದುಕೊಡಬೇಕಿತ್ತು. ನಾನು ಎರಡು ದಿನ ಕೂತು ಬರೆದೆ. ಜ್ವರ ಬಂದಾಗ ಮೈಯೊಳಗೆ ಏನು ನಡೆಯುತ್ತದೆ ಎಂಬ ಕುತೂಹಲ, ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರಬಲ್ಲ ತಾಳ್ಮೆ, ಇಂಥವೇ. ಏಜೆಂಟ್ ಫೋನ್ ಮಾಡಿದ. ಭಾಷೆ ಚೆನ್ನಾಗಿದೆ, ಆದರೆ ಇದರಲ್ಲಿ ಯಾರೂ ಸಾಯುವುದಿಲ್ಲವಲ್ಲ ಎಂದ. ಸಂಜೆಯೊಳಗೆ ತನ್ನದೊಂದು ಪುಟ ಕಳಿಸಿದ. ಅದರಲ್ಲಿ ನನ್ನ ಅಜ್ಜಿ ಸತ್ತಿದ್ದಳು. ಡಾಕ್ಟರಿಲ್ಲದ ಹಳ್ಳಿ, ಎದೆನೋವು, ಏಳು ವರ್ಷದ ನನ್ನ ತೊಡೆಯ ಮೇಲೆ ಅವಳ ಕೊನೆಯುಸಿರು, ಆಗಲೇ ನಾನು ಮಾಡಿದ ಪ್ರತಿಜ್ಞೆ.

ಅಜ್ಜಿ ಆಗ ಎದುರಿಗೇ ಕೂತು ಮೆಂತ್ಯ ಸೋಸುತ್ತಿದ್ದಳು. ಓದಿ ಹೇಳಿದೆ.

“ನನ್ನ ಸಾಯ್ಸೀದಿ?”

“ನಾ ಅಲ್ಲ ಅಜ್ಜಿ, ಏಜೆಂಟ್.”

“ಏಳು ವರ್ಷದಾಕಿ ತೊಡಿ ಮ್ಯಾಲ ನಾ ಹ್ಯಾಂಗ ಹಿಡಿಸ್ತೀನಿ? ನಿನ್ನ ತೊಡಿ ಈಗೂ ಕಡ್ಡಿ ಇದ್ಧಾಂಗ ಅದ.” ಒಂದು ಹಳದಿ ಎಲೆ ತೆಗೆದು ಬದಿಗಿಟ್ಟಳು. “ಮತ್ತ ನಮ್ಮೂರಾಗ ಡಾಕ್ಟರ್ ಇದ್ದ. ಎಲ್ಲಾರಿಗೂ ಒಂದಽ ಇಂಜೆಕ್ಷನ್ ಮಾಡತಿದ್ದ, ಆದ್ರ ಇದ್ದ. ಅವ ಇರ್ಲಿಲ್ಲಂತ ಯಾಕ ಬರೀಬೇಕು?”

ಅಡುಗೆಮನೆಯಿಂದ ಅಮ್ಮ ಕೂಗಿದಳು: “ಅತ್ತೀ, ಸಂಜೀ ಹೊತ್ತಿಗೆ ಸಾಯೂ ಮಾತು ಬ್ಯಾಡ್ರಿ.”

“ಬರದವಗ ಇಲ್ಲದ ಅಂಜಿಕಿ ನನಗ್ಯಾಕ?” ಎಂದಳು ಅಜ್ಜಿ.

ನನ್ನ ಪುಟವನ್ನೇ ಕಳಿಸಬೇಕು, ಒಂದು ಅಕ್ಷರವೂ ಬದಲಾಗಬಾರದು ಎಂದು ಏಜೆಂಟನಿಗೆ ಬರೆದೆ. ಅವನು ಹೆಬ್ಬೆರಳಿನ ಚಿತ್ರ ಕಳಿಸಿದ.

ಮುಂದಿನ ವಾರ ವಿಡಿಯೊ ಸಂದರ್ಶನ. ಇಲ್ಲಿ ಸಂಜೆ, ಅಲ್ಲಿ ಬೆಳಿಗ್ಗೆ. ಪರದೆಯ ಮೇಲೆ ಕಾಲೇಜಿನ ಹೆಂಗಸೊಬ್ಬಳು ಕಾಫಿ ಮಗ್ಗು ಹಿಡಿದು ಬಂದು ಕೂತಳು. ಮನೆಯಲ್ಲಿ ಟಿ.ವಿ. ಬಂದ್ ಮಾಡಿಸಿದ್ದೆ, ಅಜ್ಜಿ ಲ್ಯಾಪ್‌ಟಾಪಿನ ಆಚೆ ಕುರ್ಚಿಯಲ್ಲಿ, ಕೆಮ್ಮು ಬಂದೀತೆಂದು ಬಾಯಿಗೆ ಸೆರಗು ಹಿಡಿದು ಕೂತಿದ್ದಳು. ಆ ಹೆಂಗಸಿನ ಮೊದಲ ಮಾತು, ನಿನ್ನ ಅಜ್ಜಿಯ ಬಗ್ಗೆ ಓದಿ ತುಂಬ ದುಃಖವಾಯಿತು ಎಂದು.

ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಅವಳು ನನ್ನ ಮುಖ ನೋಡುತ್ತಿದ್ದಳು. ಅದು ಸುಳ್ಳು, ನನ್ನ ಅಜ್ಜಿ ಇಲ್ಲೇ ಇದ್ದಾಳೆ, ಆ ಪುಟ ನನ್ನದಲ್ಲ ಎನ್ನಲು ಮೂರು ವಾಕ್ಯ ಸಾಕಿತ್ತು. ನಾನು ‘ಥ್ಯಾಂಕ್ಯೂ’ ಎಂದೆ.

ಅಲ್ಲಿಯವರೆಗೆ ಏಜೆಂಟನನ್ನು, ಅವನ ಸಮುದ್ರವನ್ನು, ಪನೀರ್ ಕೇಳಿದ ತಾಯಿಯನ್ನು ಮನಸ್ಸಿನಲ್ಲೇ ಹೀಯಾಳಿಸುತ್ತ ಇದ್ದೆ. ಆ ಒಂದು ಪದದಿಂದ ನಾನೂ ಅದೇ ಸಾಲಿನಲ್ಲಿ ಒಂದು ಕುರ್ಚಿ ಹಿಡಿದೆ. ಸಂದರ್ಶನದಲ್ಲಿ ಅವಳು ಮತ್ತೆ ಕೇಳಿದ್ದೆಂದರೆ ಬಿಸಿಲು ಇಷ್ಟವೇ, ಯಾವ ತಿಂಗಳಲ್ಲಿ ಬರುತ್ತೀ ಎಂದಷ್ಟೇ. ಪರವಾನಗಿಯ ಪ್ರಶ್ನೆಯನ್ನು ನಾನು ಮತ್ತೆ ಕೇಳಿದೆ. ಅದಕ್ಕೆ ಬೇರೆ ವಿಭಾಗವಿದೆ, ಅವರು ಬರೆಯುತ್ತಾರೆ ಎಂದಳು. ಆ ವಿಭಾಗದಿಂದ ಏನೂ ಬರಲಿಲ್ಲ. ಮರುದಿನ ಪ್ರವೇಶಪತ್ರ ಬಂತು. ಒಂದು ವಾರದೊಳಗೆ ಒಪ್ಪಿಗೆ ಕಳಿಸಬೇಕಿತ್ತು.

ಅಪ್ಪ ಆಫೀಸಿನಲ್ಲಿ ಪೇಢೆ ಹಂಚಿದರು. ಒಪ್ಪಿಗೆ ಕಳಿಸುವ ಮೊದಲು ಮನೆದೇವರಿಗೆ ಹೋಗಿ ಬರೋಣ ಎಂದು ಆ ಭಾನುವಾರ ಜೇಜುರಿಯ ಗುಡ್ಡಕ್ಕೆ ಹೊರಡಿಸಿದರು. ಅಮ್ಮ, ಅಜ್ಜಿ ಕೆಳಗೆ ಅಂಗಡಿಯ ನೆರಳಿನಲ್ಲಿ ಉಳಿದರು. ಅಪ್ಪ, ನಾನು ಮೆಟ್ಟಿಲು ಹತ್ತತೊಡಗಿದೆವು. ಎಲ್ಲೆಲ್ಲೂ ಭಂಡಾರ, ಜನ ಎರಚಿದ ಅರಿಶಿನಪುಡಿಯಿಂದ ಕಲ್ಲು, ಕಾಲು, ಕೂದಲು ಎಲ್ಲ ಹಳದಿ. ಅರ್ಧ ದಾರಿಯಲ್ಲಿ ದಣಿವಾರಿಸಿಕೊಳ್ಳುತ್ತ ಒಬ್ಬ ಹಿರಿಯ ಕೂತಿದ್ದ. ಅವನು ಕನ್ನಡ ಮಾತಾಡಿದ್ದು ಕೇಳಿ ಅಪ್ಪ ನಿಂತರು. ಅಥಣಿ ಕಡೆಯವನು. ಎರಡು ಮಾತಾಗುವುದರೊಳಗೆ ಅಪ್ಪ ಹೇಳಿಯೇಬಿಟ್ಟರು: “ನನ್ನ ಮಗಳು ಡಾಕ್ಟರ್ ಓದಾಕ ಫಾರಿನ್ನಿಗೆ ಹೊಂಟಾಳ್ರಿ.”

“ಭಾಳ ಚಲೋ ಆತ್ರಿ. ಹಂಗಾರ ಡಾಕ್ಟರಬಾಯಾರ, ಇದನ್ನೀಟು ನೋಡ್ರಿ.” ಅವನು ಬರಿಗಾಲನ್ನು ನನ್ನ ಕಡೆ ಚಾಚಿದ.

ಹೆಬ್ಬೆರಳಿಗೆ ಭಂಡಾರ ದಪ್ಪಗೆ ಮೆತ್ತಿತ್ತು. ಅದರ ಕೆಳಗೆ ಬೆರಳು ಕಪ್ಪಾಗಿತ್ತು. ಸುತ್ತಲಿನ ಚರ್ಮ ಬಿಗಿದು ಹೊಳೆಯುತ್ತಿತ್ತು. ಬಗ್ಗಿದಾಗ ವಾಸನೆ ಬಂತು.

“ಸಕ್ಕರಿ ಕಾಯಿಲೆ ಅದ ಏನ್ರಿ?”

“ಅದ ರಿ. ದೇವರಿಗೆ ನಡಕೋಬೇಕಂತ ತಿಂಗಳಾತು, ಗುಳಗಿ ಬಿಟ್ಟೇನಿ.”

“ನೋವು?”

“ಏನೇನೂ ಇಲ್ರಿ. ಭಂಡಾರ ಹಚ್ಚಿದ ಮ್ಯಾಲ ಆರಾಮ.”

ನೋವಿಲ್ಲ ಎಂದದ್ದಕ್ಕೇ ನನಗೆ ಭಯವಾಯಿತು. “ಮ್ಯಾಲ ಹತ್ತಬ್ಯಾಡ್ರಿ. ಈಗಽ ದವಾಖಾನಿಗೆ ಹೋಗ್ರಿ. ತಡ ಮಾಡಿದ್ರ ಬೆರಳಷ್ಟಽ ಅಲ್ಲ, ಕಾಲೂ ಹೋಗಬಹುದು.”

ಅವನ ಮುಖ ಗಂಭೀರವಾಯಿತು. “ನೀವು ಈಗ ಡಾಕ್ಟರ್ ಆಗೀರೇನ್ರಿ?”

“ಇಲ್ರಿ.”

“ಹಾಂ, ಇನ್ನ ಆಗಬೇಕು.” ಕಾಲು ಕೆಳಗಿಟ್ಟ. ನಕ್ಕ. “ಆಗ್ರಿ. ಆಮ್ಯಾಲ ನಿಮ್ಮ ಮಾತು ಕೇಳೂಣು.” ಕೋಲೂರಿ ಎದ್ದು ಹತ್ತತೊಡಗಿದ.

ಅವನ ಬೆನ್ನು ನೋಡುತ್ತ ಮೊದಲು ಬಂದದ್ದು ಸಿಟ್ಟು. ಎಂಥ ಮೂರ್ಖ ಎಂದುಕೊಂಡೆ. ಆದರೆ ಅವನು ಕೇಳಿದ್ದು ಸರಿಯಾದ ಪ್ರಶ್ನೆ. ನಾನು ಹಾಲಿನಲ್ಲಿ ಎದ್ದು ನಿಂತು ಕೇಳಿದ್ದೂ ಅದನ್ನೇ, ಸ್ವಲ್ಪ ಉದ್ದವಾಗಿ. ಆರು ವರ್ಷ ಆ ದ್ವೀಪದಲ್ಲಿ ಕಳೆದು ಬಂದ ಮೇಲೂ ಇಂಥ ಕಾಲಿನ ಮುಂದೆ ನಾನು ‘ಇಲ್ರಿ’ ಎನ್ನಬೇಕಾಗಬಹುದು. ಅಥವಾ ಹೌದು ಎಂದು ಸುಳ್ಳು ಹೇಳಬೇಕಾಗಬಹುದು. ಹೇಳಿಬಿಡಬಲ್ಲೆ ಎಂಬುದು ನನಗೆ ಆ ವಾರವಷ್ಟೇ ಗೊತ್ತಾಗಿತ್ತು.

“ಆ ಕಾಲೇಜಿಗೆ ನಾ ಹೋಗಂಗಿಲ್ಲಪ್ಪಾ” ಎಂದೆ.

ಅಪ್ಪ ಸುತ್ತ ನೋಡಿದರು, ಯಾರಾದರೂ ಕೇಳಿದರೇನೋ ಎಂಬಂತೆ. “ಹೊತ್ತುಗೊತ್ತು ಇಲ್ಲೇನು ನಿನಗ? ಆಫೀಸಿನ್ಯಾಗ ಎಲ್ಲಾರಿಗೂ ಹೇಳೇನಿ. ಈಗ ಏನನ್ಲಿ?”

“ಫೇಲಾದ್ಳು ಅನ್ರಿ. ಯಾರೂ ಮತ್ತ ಕೇಳಂಗಿಲ್ಲ.”

“ಫೇಲ್ ಎಲ್ಲಿ ಆದಿ? ಸೀಟು ಬಂದದ.”

“ಅಲ್ಲಿ ಫೇಲ್ ಆಗ್ಲಿಕ್ಕೇ ಬರಂಗಿಲ್ಲಪ್ಪಾ. ಅಜ್ಜಿ ಕೂತಿದ್ರ ಅಜ್ಜಿಗೂ ಸೀಟು ಕೊಡ್ತಿದ್ರು.”

ಅಪ್ಪ ಬೆವರು ಒರೆಸಿಕೊಂಡು, ನನ್ನನ್ನು ಅಲ್ಲೇ ಬಿಟ್ಟು, ಮೇಲೆ ಹತ್ತಿಹೋದರು. ನಾನು ಮೆಟ್ಟಿಲ ಬದಿಗೆ ಕೂತು ಫೋನಿನಲ್ಲಿ ಕಾಲೇಜಿಗೆ ಎರಡು ಸಾಲು ಬರೆದೆ: ಈ ಸೀಟು ನನಗೆ ಬೇಡ, ನೀವು ಓದಿದ ಪುಟ ನನ್ನದಲ್ಲ, ನನ್ನ ಅಜ್ಜಿ ಬದುಕಿದ್ದಾಳೆ. ಕಳಿಸದೆ ಇಟ್ಟುಕೊಂಡೆ. ಕಳಿಸುವ ಗುಂಡಿ ಒತ್ತಿದ ಮೇಲೆ ನಾನು ಏನೂ ಆಗಿರುವುದಿಲ್ಲ ಎಂದು ಗೊತ್ತಿತ್ತು.

ಅರ್ಧ ಗಂಟೆಯ ಮೇಲೆ ಅಪ್ಪ ಇಳಿದು ಬಂದರು. ಮದುವೆಯ ಅಂಗಿ ಪೂರ್ತಿ ಹಳದಿಯಾಗಿತ್ತು.

“ಅವ ದರ್ಶನದ ಸಾಲಿನ್ಯಾಗ ನಿಂತಾನ” ಎಂದರು. “ನಾನೂ ಹೇಳಿ ನೋಡ್ದೆ. ನನ್ನ ಮಗಳು ಅಂದದ್ದು ಖರೆ ಅದ, ಇಳೀರಿ ಅಂದೆ. ಕೇಳ್ಲಿಲ್ಲ.”

ಅವರು ನನ್ನ ಪಕ್ಕದಲ್ಲಿ ಕೂತರು. ಅವರು ನೋಡುತ್ತಿದ್ದಂತೆಯೇ ನಾನು ಆ ಎರಡು ಸಾಲು ಕಳಿಸಿದೆ.