ಗಂಡನ ಗುಳಿಗೆ

ಗುರುಗುಂಟಾದ ನರ್ಸ್ ಅಂಬಮ್ಮನ ಬಾಯಿ ಬಹಳ ಜೋರು. ಅವಳಿಂದ ಬೈಸಿಕೊಳ್ಳದ ಮನೆ ಆ ಊರಲ್ಲಿರಲಿಲ್ಲ, ನಮ್ಮದೂ ಸೇರಿದಂತೆ. ಹೆಂಗಸರಿಗೆಂದು ಕೊಟ್ಟ ಗುಳಿಗೆಗಳು ಗಂಡಸರ ಹೊಟ್ಟೆ ಸೇರುತ್ತವೆ ಎಂಬುದೇ ಅವಳ ದೊಡ್ಡ ಸಿಟ್ಟು. "ನೀವೇನು ಮನಷ್ಯಾರಲ್ಲೇನಬೇ?" ಎಂದು ಹೆಂಗಸರನ್ನೇ ಝಾಡಿಸುತ್ತಿದ್ದಳು.

ಎಂಬತ್ತೊಂಬತ್ತರ ಶ್ರಾವಣದ ಒಂದು ಮಧ್ಯಾಹ್ನ ಗದ್ದೆಪ್ಪನ ಮನೆಗೆ ಹೋದಳು. ಹಟ್ಟಿ ಗಣಿಯಲ್ಲಿ ದುಡಿಯುತ್ತಿದ್ದ ಗದ್ದೆಪ್ಪನಿಗೆ ಹೊತ್ತು ಮುಳುಗಿದರೆ ಕಣ್ಣು ಕಾಣದಾಗಿ, ಲಿಂಗಸುಗೂರಿನ ಡಾಕ್ಟರು ಎ ವಿಟಮಿನ್ನಿನ ಭಾರಿ ಗುಳಿಗೆ ಬರೆದುಕೊಟ್ಟಿದ್ದರು. ಈಗ ಕಣ್ಣು ತಿಳಿಯಾಗಿತ್ತು.

"ನಮ್ಮ ಕರೆಮ್ಮಗೂ ಸಂಜಿಗೆ ಮಬ್ಬು ಕಾಣ್ತೈತ್ರಿ. ಎಂಟು ದಿನದಿಂದ ಆಕಿಗೂ ದಿನಾ ಒಂದು ಕೊಡಾಕತ್ತೀನಿ," ಎಂದ ಹೆಮ್ಮೆಯಿಂದ.

ಅಂಬಮ್ಮ ಒಗ್ಗರಣೆಯ ವಾಸನೆಗೆ ಮುಖ ತಿರುಗಿಸಿ ಕೂತಿದ್ದ ಅವನ ಹೆಂಡತಿ ಕರೆಮ್ಮನನ್ನು ನೋಡಿದಳು.

"ಮುಟ್ಟು ನಿಂತೈತೇನಬೇ?"

"ಏನಿಲ್ರಿ ನರ್ಸಮ್ಮಾರ," ಎಂದು ಅತ್ತೆ ಗ್ಯಾನಮ್ಮ ಅಡ್ಡ ಬಂದಳು. ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಹೊಸ್ತಿಲು ದಾಟಬಾರದು, ದೃಷ್ಟಿಯಾಗುತ್ತದೆ ಎಂಬುದು ಆ ಮನೆಯ ಕಟ್ಟಳೆ. ಅದು ಅಂಬಮ್ಮನಿಗೂ ಗೊತ್ತಿತ್ತು.

"ಗ್ಯಾನವ್ವ, ಖರೆ ಹೇಳು! ಇಷ್ಟು ಜೋರಿನ ಗುಳಿಗಿ ಗಂಡಸಿನ ಕಣ್ಣಿಗೆ ಔಷಧ. ಬಸುರಿ ನುಂಗಿದ್ರ ಹೊಟ್ಟ್ಯಾಗಿನ ಕೂಸಿಗೆ ಕೇಡು!"

ಗ್ಯಾನಮ್ಮ ಕುಸಿದು ಕೂತಳು. "ಎರಡು ತಿಂಗಳಾಗ್ಯಾವ್ರೀ. ಮದುವಿಯಾಗಿ ಎಂಟು ವರ್ಷಕ್ಕ ನಿಂತೈತಿ."

ಗದ್ದೆಪ್ಪ ತನ್ನ ಅಂಗೈ ನೋಡಿಕೊಂಡ. "ಈ ಕೈಯಿಂದನ ಕೊಟ್ಟೀನ್ರಿ," ಎಂದ. ಎಂಟು ದಿನ ಹೊಟ್ಟೆಗೆ ಹೋದದ್ದನ್ನು ಯಾವ ನರ್ಸು ತಾನೇ ಹೊರಗೆ ತೆಗೆದಾಳು?

ಕರೆಮ್ಮ ಎದ್ದು ಬಂದು, ಹೆದರುತ್ತಲೇ ಸೆರಗಿನ ಗಂಟು ಬಿಚ್ಚಿದಳು. ಎಂಟು ಗುಳಿಗೆಗಳೂ ಅಲ್ಲಿದ್ದವು.

"ನಾ ನುಂಗಿಲ್ರಿ. ಗಣ್ಯಾಗ ಇಳಿಯಾವ್ರು ಅವ್ರು, ಕಣ್ಣು ಅವ್ರಿಗೆ ಬೇಕು. ಅವ್ರವು ತೀರಿದ ಮ್ಯಾಲ ಕೊಡೂಣಂತ ಇಟ್ಟಿದ್ದೆ. ಬೈಬ್ಯಾಡ್ರಿ."

ಅಂಬಮ್ಮ ಬೈಯಲಿಲ್ಲ. ಯಾವ ಚಾಳಿಯನ್ನು ಬಿಡಿಸಲು ಹತ್ತು ವರ್ಷ ಗಂಟಲು ಹರಿದುಕೊಂಡಿದ್ದಳೋ, ಅದೇ ಇವತ್ತು ಕೂಸನ್ನು ಉಳಿಸಿತ್ತು. ಅವಳಿಗೆ ಸಂತೋಷ, ಸಂಕಟ ಎರಡೂ ಒಟ್ಟಿಗೇ ಬಂದು ಅತ್ತೇಬಿಟ್ಟಳು. ಕೂಸು ಉಳಿಯಿತು, ಸರಿ. ಕರೆಮ್ಮನ ಕಣ್ಣಿನ ಗತಿಯೇನು?

ಕಣ್ಣೊರೆಸಿಕೊಂಡು, ಕಣ್ಣಿಗೂ ಒಳ್ಳೆಯದು, ಕೂಸಿಗೂ ಕೇಡಿಲ್ಲವೆಂದು ನುಗ್ಗೆಸೊಪ್ಪಿನ ಪಲ್ಯ ಮಾಡುವಂತೆ ಗ್ಯಾನಮ್ಮನಿಗೆ ಹೇಳಿದಳು. ಮೊದಲ ರೊಟ್ಟಿ ಎಂದಿನಂತೆ ಗದ್ದೆಪ್ಪನ ಗಂಗಾಳಕ್ಕೆ ಬಿತ್ತು. ಅಂಬಮ್ಮ ಆ ಗಂಗಾಳವನ್ನೆತ್ತಿ ಕರೆಮ್ಮನ ಮುಂದಿಟ್ಟು, ಅವಳು ಉಂಡು ಮುಗಿಸುವ ತನಕ ಅಲ್ಲಿಂದ ಏಳಲಿಲ್ಲ. ಮರುದಿನವೂ ಅದೇ ಹೊತ್ತಿಗೆ ಬಂದು ಕೂತಳು.